ಕ್ರೂಸ್‌ಗೆ ಪ್ರಯಾರಿಟಿ ಬೋರ್ಡಿಂಗ್ ಬೇಕಾ? ಟರ್ಮಿನಲ್‌ಗೆ ಎಷ್ಟು ಗಂಟೆಗೆ ಹೋಗಬೇಕು?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆ ಕೊಯ್ಲು ಮುಗಿಸಿ, ಫೆಬ್ರವರಿಯಲ್ಲಿ ಅಪ್ಪ-ಅಮ್ಮನನ್ನು ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ವಾಪಸ್. ಬುಕಿಂಗ್ ಆಗಿದೆ, ದುಡ್ಡೂ ಕಟ್ಟಿದ್ದೇವೆ.

ಈಗ ಶುರುವಾಗಿರುವುದು ಮೆಸೇಜ್ ಕಾಟ. "ಸಾಲಿನಲ್ಲಿ ನಿಲ್ಲಬೇಡಿ, ಮೊದಲು ಹತ್ತಿ, ಪ್ರಯಾರಿಟಿ ತಗೊಳ್ಳಿ" ಅಂತ ದಿನಾ ಬರುತ್ತಿದೆ. ತಲೆಗೆ ಇಷ್ಟು ಅಂತ ಬೇರೆ ದುಡ್ಡು. ನಾಲ್ಕು ಜನಕ್ಕೆ ಲೆಕ್ಕ ಹಾಕಿದರೆ ಸಣ್ಣ ಮೊತ್ತವೇನಲ್ಲ. ಅಪ್ಪನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಅಮ್ಮನಿಗೆ ಬಿಪಿ ಇದೆ. ಹಾಗಾಗಿ ಬೇಡ ಅನ್ನಲೂ ಮನಸ್ಸಿಲ್ಲ, ಕೊಡಲೂ ಮನಸ್ಸಿಲ್ಲ.

ಹಡಗು ಹೊರಡುವುದು ಸಂಜೆ 4:30ಕ್ಕೆ. ಆ್ಯಪ್‌ನಲ್ಲಿ ಟರ್ಮಿನಲ್‌ಗೆ ಬರುವ ಹೊತ್ತು ಆರಿಸಿ ಅಂತ ಅರ್ಧರ್ಧ ಗಂಟೆಯ ಪಟ್ಟಿ ಕೊಟ್ಟಿದ್ದಾರೆ. ಎಲ್ಲಕ್ಕಿಂತ ಮೊದಲಿನದನ್ನೇ ಹಿಡಿಯಬೇಕಾ? ಇನ್ನೊಂದು, ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ಬೆಳಿಗ್ಗೆ ಸಿಂಗಪುರ. ಅಲ್ಲಿಂದ ನೇರವಾಗಿ ಹಡಗಿಗೆ ಹೋಗೋಣ, ಒಂದು ರಾತ್ರಿಯ ಹೋಟೆಲ್ ಉಳಿಯುತ್ತದೆ ಅಂತ ನಮ್ಮ ತಮ್ಮ ಹೇಳುತ್ತಿದ್ದಾನೆ. ಹೋಗಿ ಬಂದವರು ಸ್ವಲ್ಪ ಹೇಳಿ.

ದುರ್ಗಿಗುಡಿ ಟಿಕೆಟ್, ಶಿವಮೊಗ್ಗ

ನಾನು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಮಾಡುವವನು. ಮಾರುವ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ನಮ್ಮ ಕೌಂಟರ್‌ಗೆ ಬರುವವರಲ್ಲಿ ಹೆಚ್ಚಿನವರು "ಹಡಗು ಎಷ್ಟೊತ್ತಿಗೆ?" ಅಂತ ಒಂದೇ ಪ್ರಶ್ನೆ ಕೇಳುತ್ತಾರೆ. ಬಸ್ಸಿನ ಲೆಕ್ಕ. ಕ್ರೂಸ್‌ನಲ್ಲಿ ಹೊರಡುವ ಸಮಯ ನಿಮ್ಮ ಕೆಲಸಕ್ಕೆ ಬರುವುದೇ ಇಲ್ಲ. ನೋಡಬೇಕಾದದ್ದು ಎರಡು. ಒಂದು, ನೀವು ಆರಿಸಿದ ಸ್ಲಾಟ್. ಇನ್ನೊಂದು, ಚೆಕ್‌-ಇನ್ ಮುಚ್ಚುವ ಹೊತ್ತು. ಅದು ಹಡಗು ಹೊರಡುವುದಕ್ಕಿಂತ ಒಂದು ಗಂಟೆ, ಒಂದೂವರೆ ಗಂಟೆ ಮೊದಲೇ ಇರುತ್ತದೆ. ಕೆಲವು ಕಡೆ ಇನ್ನೂ ಮೊದಲು. ನಿಮ್ಮ ಟಿಕೆಟ್‌ನಲ್ಲಿ ಎಷ್ಟು ಅಂತ ಬರೆದಿದೆಯೋ ಅದೇ ಕೊನೆ ಮಾತು. 4:30ರ ಹಡಗಿಗೆ 4 ಗಂಟೆಗೆ ಓಡಿ ಬಂದರೆ ಹಡಗು ಕಣ್ಣೆದುರೇ ನಿಂತಿರುತ್ತದೆ, ಹತ್ತಲು ಬಿಡುವುದಿಲ್ಲ. ದುಡ್ಡೂ ವಾಪಸ್ ಬರುವುದಿಲ್ಲ.

ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಯಾರ‍್ಯಾರು ಹತ್ತಿದ್ದಾರೆ ಎನ್ನುವ ಪಟ್ಟಿ ಹೊರಡುವ ಮೊದಲೇ ಸರ್ಕಾರಿ ಅಧಿಕಾರಿಗಳ ಕೈಸೇರಬೇಕು. ಅಮೆರಿಕದಲ್ಲಿ ಅದಕ್ಕೆ 60 ನಿಮಿಷದ ಗಡುವೇ ಇದೆ.

ಸ್ಲಾಟ್ ವಿಷಯಕ್ಕೆ ಬಂದರೆ, ಆನ್‌ಲೈನ್ ಚೆಕ್‌-ಇನ್ ತೆರೆಯುವ ದಿನ ಕಂಪನಿಯಿಂದ ಕಂಪನಿಗೆ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ 45 ದಿನ ಮೊದಲು, ಕಾರ್ನಿವಲ್‌ನಲ್ಲಿ 14 ದಿನ ಮೊದಲು. ತೆರೆದ ಕೂಡಲೇ ಮೊದಲ ಸ್ಲಾಟ್‌ಗಳು ಖಾಲಿ. ಆದರೆ ಆನ್‌ಲೈನ್ ಚೆಕ್‌-ಇನ್ ಮಾಡುವುದಕ್ಕೆ ನಯಾಪೈಸೆ ಖರ್ಚಿಲ್ಲ. ಪಾಸ್‌ಪೋರ್ಟ್ ವಿವರ, ಫೋಟೊ, ಕಾರ್ಡ್ ನಂಬರ್ ಎಲ್ಲ ಮನೆಯಲ್ಲೇ ತುಂಬಿಸಿ ಹೋದರೆ ಅಲ್ಲಿ ಪಾಸ್‌ಪೋರ್ಟ್ ತೋರಿಸಿ ಮುಂದೆ ಹೋಗುವುದಷ್ಟೇ. ತುಂಬಿಸದೆ ಹೋದವರು ಪ್ರಯಾರಿಟಿ ತಗೊಂಡಿದ್ದರೂ ಕೌಂಟರ್ ಮುಂದೆ ನಿಂತೇ ನಿಲ್ಲುತ್ತಾರೆ.

ಅಡಿಕೆ ಚೊಗರು, ಕೊಪ್ಪ

ಅಂದರೆ ದುಡ್ಡು ಕೊಟ್ಟು ಸಾಲು ತಪ್ಪಿಸಿಕೊಂಡು ಒಳಗೆ ಹೋಗಿ, ಒಳಗೆ ಊಟದ ಸಾಲಿನಲ್ಲಿ ನಿಲ್ಲುವುದು. ಭಾರೀ ಚೆನ್ನಾಗಿದೆ ಮಾರಾಯ್ರೆ.

ಸಾಗರದಿಂದ ಸಾಗರಕ್ಕೆ

ಚೊಗರಣ್ಣ ತಮಾಷೆಗೆ ಹೇಳಿದರೂ ವಿಷಯ ಅದೇ. ನಾನು ಕೆಲವು ವರ್ಷ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ವಚ್ಛ ಮಾಡುವ ವಿಭಾಗದಲ್ಲಿದ್ದೆ. ಹಡಗಿನ ಒಳಗಡೆಯಿಂದ ಆ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ, ಆಮೇಲೆ ದುಡ್ಡು ಕೊಡುವುದೋ ಬಿಡುವುದೋ ನೀವೇ ನೋಡಿಕೊಳ್ಳಿ.

ನೀವು ಹತ್ತುವ ದಿನ ಹಡಗಿಗೆ ಹಳೆಯ ಜನ ಇಳಿಯುವ ದಿನವೂ ಹೌದು. ಬೆಳಗಿನ ಜಾವ ಹಡಗು ದಡಕ್ಕೆ ಬರುತ್ತದೆ. ದೊಡ್ಡ ಹಡಗಾದರೆ ಮೂರು-ನಾಲ್ಕು ಸಾವಿರ ಜನ. ಅವರ ಲಗೇಜ್ ಮೊದಲು ಇಳಿಯಬೇಕು, ಆಮೇಲೆ ಅವರು. ಕೆಲವರು ಬೆಳಿಗ್ಗೆ ಒಂಬತ್ತಾದರೂ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಮೈಕಿನಲ್ಲಿ ಹೆಸರು ಹಿಡಿದು ಕರೆಯಬೇಕು. ಕೊನೆಯ ಹಳೇ ಪ್ರಯಾಣಿಕ ಇಳಿದು ಲೆಕ್ಕ ಸರಿಯಾಗುವವರೆಗೆ ಹೊಸಬರನ್ನು ಒಳಗೆ ಬಿಡುವುದಿಲ್ಲ. ನೀವು ಸೂಟ್ (ಎಲ್ಲಕ್ಕಿಂತ ದೊಡ್ಡ, ದುಬಾರಿ ರೂಮು) ತಗೊಂಡಿರಿ, ಪ್ರಯಾರಿಟಿ ತಗೊಂಡಿರಿ, ಆ ಲೆಕ್ಕ ಮುಗಿಯದೆ ಯಾರಿಗೂ ದಾರಿ ಇಲ್ಲ. ಹಿಂದಿನ ಪ್ರಯಾಣ ತಡವಾಗಿ ಬಂದರೆ ನಿಮ್ಮ 11 ಗಂಟೆ ಸ್ಲಾಟ್ 12 ಆಗುತ್ತದೆ. ಟರ್ಮಿನಲ್ ಒಳಗೆ ಪ್ರಯಾರಿಟಿಯವರಿಗೆ ಬೇರೆ ಕುರ್ಚಿ ಹಾಕಿರುತ್ತಾರೆ, ಕೂತು ಕಾಯಬಹುದು. ಕಾಯುವುದು ತಪ್ಪುವುದಿಲ್ಲ.

ಇನ್ನು ಕ್ಯಾಬಿನ್. ಆ ಹೊತ್ತಿಗೆ ನಮ್ಮ ಕಾರಿಡಾರ್ ನೋಡಬೇಕು ನೀವು. ಎರಡೂ ಕಡೆ ಹಾಸಿಗೆ ಬಟ್ಟೆಯ ಗುಡ್ಡೆ, ಟವೆಲ್ ಚೀಲ, ಬಾಗಿಲು ತೆರೆದಿಟ್ಟ ರೂಮುಗಳು, ಮಧ್ಯೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಜಾಗ. ಸಾಮಾನ್ಯವಾಗಿ ರೂಮು ಸಿಗುವುದು ಮಧ್ಯಾಹ್ನ 1 ಗಂಟೆ ಮೇಲೆ, ಕೆಲವೊಮ್ಮೆ 1:30. ಬೆಳಿಗ್ಗೆ 11ಕ್ಕೆ ಹತ್ತಿದವರು ಕೈಚೀಲ ಹಿಡಿದುಕೊಂಡು ಬಫೆಯಲ್ಲಿ ಕೂರುತ್ತಾರೆ. ಎಲ್ಲರೂ ಅಲ್ಲಿಗೇ ಬರುತ್ತಾರೆ, ಕೂರಲು ಜಾಗ ಇರುವುದಿಲ್ಲ. ಮಂಡಿನೋವಿನ ಅಪ್ಪನಿಗೆ ಇದು ಟರ್ಮಿನಲ್ ಸಾಲಿಗಿಂತ ಜಾಸ್ತಿ ಕಷ್ಟ.

ಒಂದು ಮಾತು ಮಾತ್ರ ಸೇರಿಸಬೇಕು. ಎಲ್ಲ ಪ್ರಯಾರಿಟಿ ಒಂದೇ ಅಲ್ಲ. ಕಾರ್ನಿವಲ್ ಮಾರುವ ಪ್ಯಾಕೇಜ್‌ನಲ್ಲಿ ಹತ್ತಿದ ತಕ್ಷಣ ರೂಮು ಕೊಡುವುದೂ ಸೇರಿದೆ. ಹಾಗಿದ್ದರೆ ಅದಕ್ಕೆ ಬೆಲೆ ಇದೆ. ನಿಮ್ಮದರಲ್ಲಿ "ಬೋರ್ಡಿಂಗ್" ಅಂತ ಮಾತ್ರ ಇದ್ದರೆ ಬೋರ್ಡಿಂಗ್ ಮಾತ್ರ. ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಒಮ್ಮೆ ಓದಿ.

ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ನಾನು ಹೇಳುವುದು ಮಧ್ಯಾಹ್ನದ ಸ್ಲಾಟ್. 1 ಗಂಟೆ, 1:30. ಹೊರಗೆ ಊಟ ಮುಗಿಸಿ ಬನ್ನಿ. ಅಷ್ಟೊತ್ತಿಗೆ ಬೆಳಗಿನ ನೂಕುನುಗ್ಗಲು ಕರಗಿರುತ್ತದೆ. ಹತ್ತಿದ ಕೂಡಲೇ ರೂಮಿಗೆ ಹೋಗಿ ಕಾಲು ಚಾಚಬಹುದು.

ತುಂಗಾತೀರ, ತೀರ್ಥಹಳ್ಳಿ

ಅಣ್ಣ, ತುಂಬಾ ಉಪಕಾರವಾಯಿತು. ನಮ್ಮದರಲ್ಲಿ ಬೋರ್ಡಿಂಗ್ ಅಂತ ಮಾತ್ರ ಇದೆ, ರೂಮಿನ ಮಾತೇ ಇಲ್ಲ. ಆದರೆ ತಡವಾಗಿ ಹೋದರೆ ಊಟದ ಟೇಬಲ್, ಶೋ ಎಲ್ಲ ಬುಕ್ ಆಗಿಹೋಗುತ್ತದೆ ಅಂತ ಎಲ್ಲೋ ಓದಿದೆ. ನಿಜವಾ?

ಸೊರಬದ ಸೊಸೆ

ಅದಕ್ಕೆ ನಾನು ಹೇಳುತ್ತೇನೆ. ಎಲ್ಲರೂ ಸೇರಿ ಪ್ರಯಾರಿಟಿ ದಂಡ ಅನ್ನುತ್ತಿದ್ದೀರಿ, ನಾನು ಒಪ್ಪುವುದಿಲ್ಲ.

ನಾವು ಕೂಸನ್ನು ಕರೆದುಕೊಂಡು ಹೋಗಿದ್ದೆವು. ಬಹಳಷ್ಟು ಹಡಗುಗಳಲ್ಲಿ 6 ತಿಂಗಳು ತುಂಬದ ಮಕ್ಕಳನ್ನು ಹತ್ತಿಸಿಕೊಳ್ಳುವುದೇ ಇಲ್ಲ, ನಮ್ಮವಳಿಗೆ ವರ್ಷ ದಾಟಿತ್ತು. ವರ್ಷದ ಕೂಸಿಗೆ ಸ್ಲಾಟ್ ಅಂದರೆ ಅರ್ಥವಾಗುತ್ತದಾ? ಸೆಕೆ, ಹಸಿವು, ನಿದ್ದೆ, ಮೂರೂ ಒಟ್ಟಿಗೆ ಬರುತ್ತದೆ. ಪ್ರಯಾರಿಟಿ ಸಾಲಿನಲ್ಲಿ ನಮ್ಮ ಮುಂದೆ ಇದ್ದವರು ಬೆರಳೆಣಿಕೆಯ ಮಂದಿ. ಪಕ್ಕದ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಅಲ್ಲೂ ಕೂಸು ಹಿಡಿದುಕೊಂಡ ತಾಯಂದಿರಿದ್ದರು. ಅವರನ್ನು ಯಾರೂ ಮುಂದೆ ಬಿಡಲಿಲ್ಲ, ಅದೊಂದು ನನಗೆ ಚುಚ್ಚಿತು. ಆದರೂ ಕೊಟ್ಟ ದುಡ್ಡಿಗೆ ನಾನೇನೂ ಮರುಗಲಿಲ್ಲ.

ಶೋ ವಿಷಯ: ಈಗ ಹೆಚ್ಚಿನ ಹಡಗುಗಳಲ್ಲಿ ಮನೆಯಿಂದಲೇ ಆ್ಯಪ್‌ನಲ್ಲಿ ಬುಕ್ ಮಾಡಬಹುದು. ಸ್ವಲ್ಪ ಸೀಟು ಮಾತ್ರ ಹಡಗು ಹತ್ತಿದ ಮೇಲೆ ತೆರೆಯುತ್ತಾರೆ. ಊಟಕ್ಕೆ ದೊಡ್ಡ ಡೈನಿಂಗ್ ಹಾಲ್‌ನಲ್ಲಿ ನಿಮಗೆ ಟೇಬಲ್ ಇದ್ದೇ ಇರುತ್ತದೆ, ಅದು ಟಿಕೆಟ್‌ನಲ್ಲೇ ಸೇರಿದೆ. ಸಸ್ಯಾಹಾರ ಅಂತ ಮೊದಲೇ ಬರೆಸಿ. ಮೊದಲ ರಾತ್ರಿಯೇ ಅಲ್ಲಿನ ಬಡಿಸುವವರಿಗೆ ಮತ್ತೊಮ್ಮೆ ಬಾಯಿಬಿಟ್ಟು ಹೇಳಿ. ಮೊಟ್ಟೆ ತಿನ್ನುವುದಿಲ್ಲ ಎನ್ನುವುದನ್ನು ಬೇರೆಯಾಗಿಯೇ ಹೇಳಬೇಕು, ಅವರ ಲೆಕ್ಕದಲ್ಲಿ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು.

ತುಮರಿ ಕಡೆಯವನು

ಸೊರಬದ ಅಕ್ಕ ಹೇಳಿದ ಆ ತಾಯಂದಿರ ಮಾತು ಓದಿ ಜನ, ಕಾರು ದಾಟಿಸುತ್ತಿದ್ದ ನಮ್ಮ ಲಾಂಚ್ ನೆನಪಾಯಿತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಶರಾವತಿ ಹಿನ್ನೀರು ದಾಟಲು ನಮಗೆ ಲಾಂಚ್ ಒಂದೇ. ಹೊಳೆಬಾಗಿಲಿನಲ್ಲಿ ರಜಾದಿನ ಸಿಗಂದೂರಿಗೆ ಹೋಗುವವರ ಕಾರಿನ ಸಾಲು ರಸ್ತೆವರೆಗೆ ಬರುತ್ತಿತ್ತು. ಸಾಗರಕ್ಕೆ ಹೋಗಿ ಅಕ್ಕಿ, ಔಷಧಿ ತಂದವನು ಮನೆ ಕಾಣುವ ದೂರದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಿತ್ತು. ಊರಿನವರನ್ನು ಮೊದಲು ಬಿಡಿ ಅಂತ ಜಗಳ ಆಗದ ವಾರ ಇರುತ್ತಿರಲಿಲ್ಲ. ಆದರೆ ಆಸ್ಪತ್ರೆಗೆ ಹೊರಟ ಗಾಡಿ ಬಂದರೆ ಎಂಥ ಜಗಳಗಂಟನೂ ಕಾರು ಹಿಂದೆ ತೆಗೆಯುತ್ತಿದ್ದ. ಆ ಪ್ರಯಾರಿಟಿಗೆ ಯಾರೂ ರಸೀದಿ ಕೇಳಲಿಲ್ಲ.

ಹಡಗಿನ ಕಂಪನಿ ವ್ಯಾಪಾರಕ್ಕೆ ಕೂತಿದೆ, ಮಾರಲಿ ಬಿಡಿ. ಆದರೆ ಮೊದಲು ಸಾಲು ಉದ್ದ ಇದೆ ಅಂತ ಹೆದರಿಸಿ, ಆಮೇಲೆ ಅದನ್ನು ತಪ್ಪಿಸಲು ದುಡ್ಡು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ದುಡ್ಡು ಕೊಟ್ಟವರು ಜಾಸ್ತಿ ಆದಷ್ಟೂ ಕೊಡದವರ ಸಾಲು ನಿಧಾನ ಆಗುತ್ತದೆ, ಅಲ್ವಾ? ಸಾಲು ಉದ್ದ ಇದ್ದರೇ ಅವರಿಗೆ ಲಾಭ.

ದುರ್ಗಿಗುಡಿ ಟಿಕೆಟ್, ಶಿವಮೊಗ್ಗ

ತುಮರಿಯವರೇ, ಅರ್ಧ ಒಪ್ಪುತ್ತೇನೆ. ಆದರೆ ಪ್ರಯಾರಿಟಿ ಸಾಲಿನಲ್ಲಿ ನಿಂತವರೆಲ್ಲ ಆವತ್ತು ದುಡ್ಡು ಕೊಟ್ಟು ಬಂದವರಲ್ಲ. ಸೂಟ್ ಬುಕ್ ಮಾಡಿದವರು ಇರುತ್ತಾರೆ, ಅವರ ಬಾಡಿಗೆಯಲ್ಲೇ ಅದು ಸೇರಿದೆ. ಎಂಎಸ್‌ಸಿ ಹಡಗುಗಳಲ್ಲಿ ಯಾಟ್ ಕ್ಲಬ್ ಎಂಬ ಸೂಟ್ ವಿಭಾಗದವರಿಗೆ, ನಾರ್ವೇಜಿಯನ್‌ನಲ್ಲಿ ಅಂಥದ್ದೇ ಹೇವನ್‌ನವರಿಗೆ ಬೇರೆ ಬಾಗಿಲೇ ಇದೆ ಅನ್ನಬಹುದು. ಇನ್ನು ಹಳೇ ಗಿರಾಕಿಗಳು. ರಾಯಲ್ ಕೆರಿಬಿಯನ್‌ನಲ್ಲಿ ಒಂದು ರಾತ್ರಿಗೆ ಒಂದು ಪಾಯಿಂಟ್, ಸೂಟ್ ಆದರೆ ಎರಡು. 80 ಪಾಯಿಂಟ್ ಆದರೆ ಡೈಮಂಡ್ ದರ್ಜೆ, 700 ಆದರೆ ಎಲ್ಲಕ್ಕಿಂತ ಮೇಲಿನ ಪಿನ್ನಾಕಲ್ ದರ್ಜೆ. ಏಳು ನೂರು ರಾತ್ರಿ ಸಮುದ್ರದ ಮೇಲೆ ಮಲಗಿದವರೂ ಇದ್ದಾರೆ ಸ್ವಾಮಿ! ನಮ್ಮಲ್ಲಿ ಮಲ್ಪೆ ಮೀನುಗಾರರು ಆ ಲೆಕ್ಕ ಹಿಡಿದರೆ ಎಲ್ಲರೂ ಪಿನ್ನಾಕಲ್.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಹಳೇ ಗಿರಾಕಿಗಳು ಜಾಸ್ತಿ ಇರುವ ಪ್ರಯಾಣದಲ್ಲಿ ಪ್ರಯಾರಿಟಿ ಸಾಲೇ ಮಾಮೂಲಿ ಸಾಲಿಗಿಂತ ಉದ್ದ ಬೆಳೆಯುವುದುಂಟು. ಸಿಂಗಪುರದಿಂದ ಹೊರಡುವ ಚಿಕ್ಕ ಪ್ರಯಾಣಗಳಲ್ಲಿ ಮೊದಲ ಸಲ ಹೋಗುವವರೇ ಬಹಳ, ಅಲ್ಲಿ ಆ ತೊಂದರೆ ಕಡಿಮೆ.

ಆಗುಂಬೆ ಮಳೆ

ತಮ್ಮನ ಪ್ಲ್ಯಾನ್‌ಗೆ ಯಾರೂ ಉತ್ತರ ಕೊಡಲಿಲ್ಲ. ಅದೇ ದಿನ ವಿಮಾನ ಇಳಿದು ಹಡಗು ಹತ್ತುವುದು ಬೇಡವೇ ಬೇಡ.

ನಮ್ಮ ಕಡೆಯಿಂದ ಹೊರಡುವಾಗ ದಾರಿಯೇ ದೊಡ್ಡ ತಲೆನೋವು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಆ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. ಒಳ್ಳೆಯದೇ. ಆದರೆ ಬೆಳಿಗ್ಗೆ ಮಂಜು ಕವಿದರೆ ವಿಮಾನ ಇಳಿಯುವುದಿಲ್ಲ, ಫೆಬ್ರವರಿಯಲ್ಲಿ ಅದು ಹೊಸದೇನಲ್ಲ. ರಸ್ತೆಯಲ್ಲಿ ಹೋದರೆ ತೀರ್ಥಹಳ್ಳಿಯಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಇಡೀ ಹಗಲು ಬೇಕು ಅಂತಲೇ ಇಟ್ಟುಕೊಳ್ಳಿ. ತುಮಕೂರು ದಾಟಿದ ಮೇಲೆ ಎಷ್ಟೊತ್ತು ಅಂತ ದೇವರಿಗೇ ಗೊತ್ತು.

ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಹಾರಾಟ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ನಿದ್ದೆ ಇಲ್ಲದೆ ಬೆಳಿಗ್ಗೆ ಇಳಿದ ಅಪ್ಪ-ಅಮ್ಮನನ್ನು ಮಧ್ಯಾಹ್ನದವರೆಗೆ ಏರ್‌ಪೋರ್ಟ್ ಕುರ್ಚಿಯಲ್ಲಿ ಕೂರಿಸುತ್ತೀರಾ? ಪ್ರಯಾರಿಟಿಗೆ ಕೊಡುವ ದುಡ್ಡಿದೆಯಲ್ಲ, ಅದನ್ನು ಹಿಂದಿನ ರಾತ್ರಿಯ ಹೋಟೆಲ್‌ಗೆ ಹಾಕಿ.

ಇನ್ನೊಂದು ವಿಷಯ. ಸಿಂಗಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ಇನ್ನೊಂದು 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್. ಟ್ಯಾಕ್ಸಿಯವನಿಗೆ "ಕ್ರೂಸ್ ಸೆಂಟರ್" ಅಂತಷ್ಟೇ ಹೇಳಿದರೆ ಹಾರ್ಬರ್‌ಫ್ರಂಟ್‌ಗೆ ಬಿಟ್ಟು ಹೋಗಬಹುದು. ಟಿಕೆಟ್ ತೋರಿಸಿ ಹತ್ತಿ. ಮೆಟ್ರೊದಲ್ಲಿ ಹೋಗುವುದಾದರೆ ಮರೀನಾ ಬೇ ಟರ್ಮಿನಲ್‌ಗೆ ಹತ್ತಿರದ ನಿಲ್ದಾಣ ಮರೀನಾ ಸೌತ್ ಪಿಯರ್. ಮರೀನಾ ಬೇ ಹೆಸರಿನ ನಿಲ್ದಾಣ ಅದಕ್ಕಿಂತ ಒಂದು ಹಿಂದೆ.

ನಿವೃತ್ತ ಮೇಷ್ಟ್ರು, ಶಿಕಾರಿಪುರ

ಮಗಳ ಜೊತೆ ಹೋಗಿ ಬಂದವನು ನಾನು. ಟರ್ಮಿನಲ್‌ನಲ್ಲಿ ನಿಜವಾಗಿ ನಮ್ಮನ್ನು ನಿಲ್ಲಿಸಿದ್ದು ಸಾಲಲ್ಲ, ಹೆಸರು.

ನಮ್ಮಲ್ಲಿ ಹೆಸರಿನ ಹಿಂದೆ ಇನಿಷಿಯಲ್. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಪಾಸ್‌ಪೋರ್ಟ್ ಮಾಡಿಸುವಾಗ ಕೆಲವರದ್ದು ಬಿಡಿಸಿ ಬರೆದಿರುತ್ತಾರೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಹಡಗಿನ ಬುಕಿಂಗ್ ಫಾರ್ಮ್ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ಆಗ ಏಜೆಂಟ್ ಏನೋ ಒಂದು ಹಾಕುತ್ತಾನೆ, ವಿಮಾನದ ಟಿಕೆಟ್‌ನಲ್ಲಿ ಇನ್ನೊಂದು ಇರುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು ಸರ್‌ನೇಮ್, ಹಡಗಿನ ಪಾಸ್‌ನಲ್ಲಿ ತಂದೆಯ ಹೆಸರು. ಕೌಂಟರ್‌ನ ಹುಡುಗಿ ಪಾಪ ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿ ನೋಡಿ, ಮೇಲಿನವರನ್ನು ಕರೆದಳು. ಅವರು ಪ್ರಯಾರಿಟಿ ತಗೊಂಡವರೇ. ನಾವು ಮಾಮೂಲಿ ಸಾಲಿನವರು ಮೇಲೆ ಹೋಗಿ ಊಟ ಮುಗಿಸಿದರೂ ಅವರು ಬಂದಿರಲಿಲ್ಲ.

ಆದ್ದರಿಂದ ಇವತ್ತೇ ನಾಲ್ಕೂ ಜನರ ಪಾಸ್‌ಪೋರ್ಟ್ ತೆಗೆದು ಹಡಗಿನ ಬುಕಿಂಗ್, ವಿಮಾನದ ಟಿಕೆಟ್, ವೀಸಾ ಎಲ್ಲದರ ಜೊತೆ ಅಕ್ಷರ ಬಿಡದೆ ಹೋಲಿಸಿ. ಪಾಸ್‌ಪೋರ್ಟ್ ಅವಧಿ ಪ್ರಯಾಣದ ಮೇಲೆ ಇನ್ನೂ 6 ತಿಂಗಳು ಇರಬೇಕು. ವೀಸಾ ಎಷ್ಟು ಸಲ ಒಳಗೆ ಬರಲು ಬಿಡುತ್ತದೆ ಅಂತಲೂ ನೋಡಿ. ನೀವು ಸಿಂಗಪುರಕ್ಕೆ ಎರಡು ಸಲ ಕಾಲಿಡುತ್ತೀರಿ, ವಿಮಾನದಿಂದ ಒಮ್ಮೆ, ಹಡಗಿನಿಂದ ಇಳಿಯುವಾಗ ಇನ್ನೊಮ್ಮೆ. ಸಿಂಗಪುರದೊಳಗೆ ಬರುವವರು ತುಂಬಿಸುವ ಅರೈವಲ್ ಕಾರ್ಡ್ ಕೂಡ ಹಾಗೆಯೇ. ಬರುವ ದಿನವೂ ಸೇರಿ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಿಸಬೇಕು. ಅದು ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅಲ್ಲಿಂದ ಹೊರಬನ್ನಿ.

ಎಲೆ ಅಡಿಕೆ ಸುಣ್ಣ, ಹೊಸನಗರ

ಇಷ್ಟೆಲ್ಲ ಓದಿದ ಮೇಲೆ ಒಂದೇ ಪ್ರಶ್ನೆ. ತೀರ್ಥಹಳ್ಳಿ ಕಡೆಯ ಅಪ್ಪಯ್ಯ ಅಂದ ಮೇಲೆ ಎಲೆ-ಅಡಿಕೆ ಕವಳದ ಸಂಚಿ ಇರುತ್ತದಲ್ಲ, ಅದಕ್ಕೇನು ಗತಿ? ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಳ್ಳದೆ ಹೊರಡುತ್ತಾರಾ?

ತುಂಗಾತೀರ, ತೀರ್ಥಹಳ್ಳಿ

ಹ್ಹ ಹ್ಹ. ಸಂಚಿ ಇದೆ. ಉಪ್ಪಿನಕಾಯಿ ಬಾಟಲಿ ಈಗಾಗಲೇ ಪಟ್ಟಿಯಲ್ಲಿದೆ.

ಸಾಗರದಿಂದ ಸಾಗರಕ್ಕೆ

ಹೊಗೆಸೊಪ್ಪನ್ನು ಮನೆಯಲ್ಲೇ ಬಿಡಿಸಿ, ಇದರಲ್ಲಿ ರಾಜಿ ಬೇಡ. ಸಿಂಗಪುರದಲ್ಲಿ ಜಗಿಯುವ ತಂಬಾಕು, ಗುಟ್ಕಾ, ಖೈನಿ, ಜರ್ದಾ ಎಲ್ಲ ನಿಷೇಧ. ಸಿಕ್ಕಿದರೆ ದಂಡ. ಕವಳ ಹಾಕದೆ ಅಪ್ಪಯ್ಯನ ಮುಖ ನಾಲ್ಕು ದಿನ ಹೇಗಿರುತ್ತದೆ ಅಂತ ಊಹಿಸಬಲ್ಲೆ, ಆದರೂ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹಳಷ್ಟು ಹಡಗುಗಳಲ್ಲಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಸಾಮಾನ್ಯವಾಗಿ ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ರೈಸ್ ಕುಕ್ಕರ್ ಬೇಡ. ಬೆಂಕಿಯ ಭಯ ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಅಂಥ ಸೂಟ್‌ಕೇಸ್‌ಗಳು ಎಕ್ಸ್‌ರೇಯಲ್ಲಿ ಸಿಕ್ಕಿ ರೂಮಿಗೆ ಬರುವುದೇ ಇಲ್ಲ. ಸೆಕ್ಯುರಿಟಿ ಕೋಣೆಯಲ್ಲಿ ಸಾಲಾಗಿ ನಿಂತಿರುತ್ತವೆ, ಮಾಲೀಕರು ಬಂದು ಎಲ್ಲರ ಮುಂದೆ ಬಿಚ್ಚಿ ತೋರಿಸಬೇಕು. ಒಳಗೆ ಕುಕ್ಕರ್, ಅದರೊಳಗೆ ಸೋನಾಮಸೂರಿ ಅಕ್ಕಿ. ನಾನು ನೋಡಿದ್ದೇನೆ.

ಇದಕ್ಕೂ ಮುಖ್ಯವಾದದ್ದು: ದೊಡ್ಡ ಲಗೇಜ್ ಟರ್ಮಿನಲ್ ಬಾಗಿಲಲ್ಲೇ ಕೊಟ್ಟುಬಿಡುತ್ತೀರಿ. ಅದು ರೂಮಿನ ಬಾಗಿಲಿಗೆ ಬರುವುದು ಸಂಜೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ. ಪ್ರಯಾರಿಟಿ ಟ್ಯಾಗ್ ಇದ್ದರೂ ಅದು ಭರವಸೆ ಅಷ್ಟೇ. ಅಮ್ಮನ ಬಿಪಿ ಮಾತ್ರೆ, ಅಪ್ಪನ ಮುಲಾಮು, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಇವೆಲ್ಲ ಕೈಚೀಲದಲ್ಲೇ ಇರಲಿ.

ಭದ್ರಾ ಎಡದಂಡೆ, ಭದ್ರಾವತಿ

ಇಷ್ಟು ದೂರ ಯಾಕೆ? ಮುಂಬೈಯಿಂದಲೇ ಕಾರ್ಡೀಲಿಯಾ ಕ್ರೂಸ್ ಇದೆ, ಗೋವಾಕ್ಕೂ ಲಕ್ಷದ್ವೀಪಕ್ಕೂ ಹೋಗಿ ಬರುತ್ತದೆ. ಪಾಸ್‌ಪೋರ್ಟ್ ಗೋಜಿಲ್ಲ. ಹಡಗು ಎಂಪ್ರೆಸ್, 1990ರದ್ದು, ಮೊದಲು ನಾರ್ಡಿಕ್ ಎಂಪ್ರೆಸ್ ಅಂತ ಓಡುತ್ತಿತ್ತು. ಈಗಿನ ದೈತ್ಯ ಹಡಗುಗಳ ಮುಂದೆ ಚಿಕ್ಕದು, ಹತ್ತುವ ಜನವೂ ಕಡಿಮೆ. ಹತ್ತುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಛತ್ರಪತಿ ಶಿವಾಜಿ ಟರ್ಮಿನಸ್ (ಸಿಎಸ್‌ಎಂಟಿ) ರೈಲು ಸ್ಟೇಷನ್‌ಗೆ ಹತ್ತಿರ. ಘಟ್ಟ ಇಳಿದು ಬೈಂದೂರಿನಲ್ಲೋ ಕುಂದಾಪುರದಲ್ಲೋ ಕೊಂಕಣ ರೈಲು ಹತ್ತಿದರೆ ಮುಂಬೈ. ಮಳೆಗಾಲದಲ್ಲಿ ಮಾತ್ರ ಆ ರೈಲಿನ ವೇಳಾಪಟ್ಟಿಯೇ ಬೇರೆ, ನಿಧಾನ.

ಅಡಿಕೆ ಚೊಗರು, ಕೊಪ್ಪ

ಅವರು ದುಡ್ಡು ಕಟ್ಟಿ ಆಗಿದೆ ಅಂದರಲ್ಲ ಅಣ್ಣ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

ಸಾಗರದಿಂದ ಸಾಗರಕ್ಕೆ

ಮಂಡಿನೋವಿಗೆ ಬರುತ್ತೇನೆ, ಅದು ಬಿಟ್ಟುಹೋಯಿತು. ಗಾಲಿಕುರ್ಚಿ ಸಹಾಯಕ್ಕೆ ಹೆಚ್ಚಿನ ಕಂಪನಿಗಳಲ್ಲಿ ದುಡ್ಡಿಲ್ಲ. ಬುಕಿಂಗ್‌ನಲ್ಲೇ ಮುಂಚೆ ಬರೆಸಬೇಕು. ಟರ್ಮಿನಲ್‌ನಲ್ಲಿ ಅವರದೇ ಕುರ್ಚಿ, ತಳ್ಳುವವರು ಇರುತ್ತಾರೆ. ಸಾಲಿನ ಪಕ್ಕದಿಂದ ಕರೆದುಕೊಂಡು ಹೋಗುತ್ತಾರೆ, ಜೊತೆಗೆ ಮನೆಯವರೊಬ್ಬರು. ಇದು ಹತ್ತುವಾಗ, ಇಳಿಯುವಾಗ ಮಾತ್ರ. ಹಡಗಿನೊಳಗೆ ಓಡಾಡಲು ಆ ಕುರ್ಚಿ ಕೊಡುವುದಿಲ್ಲ. ನಾಚಿಕೊಳ್ಳುವ ಅಪ್ಪಂದಿರು "ನನಗೇನಾಗಿದೆ, ನಡೆಯುತ್ತೇನೆ" ಅನ್ನುತ್ತಾರೆ. ನಡೆಯಲಿ. ಆದರೆ ಬುಕ್ ಆಗಿರಲಿ.

ಪ್ರಯಾರಿಟಿ ಎಲ್ಲಿ ಕೆಲಸಕ್ಕೆ ಬರುತ್ತದೆ ಗೊತ್ತಾ? ಫುಕೆಟ್‌ನಲ್ಲಿ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನಿನ ಸ್ವೆಟ್ಟೆನ್‌ಹ್ಯಾಮ್ ಪಿಯರ್‌ಗೇ ಬಂದು ನಿಲ್ಲುತ್ತದೆ, ಇಳಿದರೆ ಊರು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಪಾಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ. ಆ ದೋಣಿಗೆ ಟೋಕನ್, ಕಾಯುವಿಕೆ, ಮೆಟ್ಟಿಲು, ಅಲೆಗೆ ಏರಿಳಿಯುವ ಹಲಗೆ. ಕೆಲವು ಪ್ರಯಾರಿಟಿ ಪ್ಯಾಕೇಜ್‌ಗಳಲ್ಲಿ ದೋಣಿಗೂ ಮೊದಲ ಸರದಿ ಇರುತ್ತದೆ. ನಿಮ್ಮದರಲ್ಲಿ ಅದಿದ್ದರೆ ಮತ್ತೊಮ್ಮೆ ಯೋಚಿಸಿ. ಇಲ್ಲದಿದ್ದರೆ ಬೆಳಗಿನ ಗದ್ದಲ ಕಳೆದ ಮೇಲೆ ಇಳಿಯಿರಿ. ಸಮುದ್ರ ಒರಟಾಗಿದ್ದರೆ ಅಪ್ಪನನ್ನು ಇಳಿಸಬೇಡಿ. ಖಾಲಿ ಹಡಗಿನಲ್ಲಿ ಕೂರುವುದೂ ಒಂದು ಸುಖ.

ಫುಕೆಟ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಮೊಬೈಲ್ ತಾನಾಗಿ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗದೇ ಇರಬಹುದು. ವಾಪಸ್ ಹತ್ತುವ ಹೊತ್ತು ಹಡಗಿನ ಗಡಿಯಾರದ್ದು. ಕೈಗಡಿಯಾರ ಕಟ್ಟುವ ಅಪ್ಪನನ್ನೇ ನಂಬಿ.

ಸೊರಬದ ಸೊಸೆ

ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಕಲಿಸುವ ಸೇಫ್ಟಿ ಡ್ರಿಲ್ ಬಗ್ಗೆಯೂ ಹೇಳಿಬಿಡಿ ಅಣ್ಣ. ಹತ್ತಿದ ಕೂಡಲೇ ಈಜುಕೊಳ ನೋಡಲು ಓಡುತ್ತಾರೆ ಎಲ್ಲರೂ.

ಸಾಗರದಿಂದ ಸಾಗರಕ್ಕೆ

ಹೌದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ಆವತ್ತು ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಮೊದಲು 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ನಿಯಮ ಬದಲಾಯಿತು. ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಲೇಬೇಕು. ಈಗ ಅನೇಕ ಹಡಗುಗಳಲ್ಲಿ ಮೊಬೈಲ್‌ನಲ್ಲೇ ವಿಡಿಯೊ ನೋಡಿ, ನಿಮಗೆ ಹೇಳಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯಿತು. ರೂಮಿಗೆ ಹೋಗುವ ದಾರಿಯಲ್ಲೇ ಅದನ್ನು ಮುಗಿಸಿ. ಆಮೇಲೆ ಎಂದರೆ ಅಪ್ಪನಿಗೆ ಮತ್ತೆ ಅಷ್ಟು ನಡಿಗೆ. ಇದಕ್ಕೆ ಯಾವ ಪ್ರಯಾರಿಟಿಯೂ ಇಲ್ಲ, ಪಿನ್ನಾಕಲ್‌ನವರೂ ಹೋಗಬೇಕು.

ತುಂಗಾತೀರ, ತೀರ್ಥಹಳ್ಳಿ

ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಪ್ರಯಾರಿಟಿ ಬಿಟ್ಟೆವು. ನಮ್ಮ ಪ್ಯಾಕೇಜ್‌ನಲ್ಲಿ ದೋಣಿಯ ಸರದಿ ಸೇರಿಲ್ಲ ಅಂತ ಖಾತ್ರಿ ಮಾಡಿಕೊಂಡೆ. 1 ಗಂಟೆಯ ಸ್ಲಾಟ್ ಸಿಕ್ಕಿತು. ಗಾಲಿಕುರ್ಚಿ ಬರೆಸಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ. ಹಿಂದಿನ ದಿನವೇ ಹೋಗುತ್ತೇವೆ, ತಮ್ಮ ಹೋಟೆಲ್ ನೋಡುತ್ತಿದ್ದಾನೆ. ಉಪ್ಪಿನಕಾಯಿ ವಿಷಯದಲ್ಲಿ ಮಾತುಕತೆ ನಡೆಯುತ್ತಿದೆ.

ಹೆಸರು ಹೋಲಿಸಿದೆ ಮೇಷ್ಟ್ರೇ. ಅಮ್ಮನದು ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಹಡಗಿನ ಬುಕಿಂಗ್‌ನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿದೆ. ಏನು ಮಾಡುವುದು?

ದುರ್ಗಿಗುಡಿ ಟಿಕೆಟ್, ಶಿವಮೊಗ್ಗ

ಬುಕ್ ಮಾಡಿದ ಏಜೆಂಟ್‌ಗೆ ಪಾಸ್‌ಪೋರ್ಟ್ ಪುಟದ ಫೋಟೊ ಕಳಿಸಿ, ಕಂಪನಿಗೆ ಮೇಲ್ ಹಾಕಿಸಿ ಸರಿ ಮಾಡಿಸಿ. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ, ಉತ್ತರ ಬರಹದಲ್ಲೇ ಬರಬೇಕು. ವಿಮಾನದ ಟಿಕೆಟ್‌ನಲ್ಲಿ ಏನಿದೆ ಅದನ್ನೂ ನೋಡಿ, ಎರಡೂ ಒಂದೇ ಥರ ಇರಲಿ. ಆನ್‌ಲೈನ್ ಚೆಕ್‌-ಇನ್ ಮುಗಿಸುವ ಮೊದಲೇ ಆಗಬೇಕು ಇದು. ಚೆಕ್‌-ಇನ್ ಆದ ಮೇಲೆ ಹೆಸರು ತಿದ್ದಿದರೆ ಕೆಲವೊಮ್ಮೆ ಸ್ಲಾಟ್ ಹೋಗುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ನಾಳೆಯೇ ಮಾಡಿ.